'ಟೇಕ್' ಒಂದನ್ನೇ ಹಿಡಿದು ಇಂಗ್ಲಿಷ್ ನುಡಿಗಟ್ಟು ಕಲಿಯುವ ದಾರಿ

ಇಂಗ್ಲಿಷ್ ನುಡಿಗಟ್ಟು ಕಲಿಯಬೇಕು ಅಂತ ಹೊರಟವರು ಮೊದಲು ಹುಡುಕುವುದು ಒಂದು ದೊಡ್ಡ ಪಟ್ಟಿಯನ್ನು. ಇನ್ನೂರೋ ಐನೂರೋ ನುಡಿಗಟ್ಟು, ಪಕ್ಕದಲ್ಲಿ ಕನ್ನಡ ಅರ್ಥ. ಮೊದಲ ಪುಟ ಚೆನ್ನಾಗಿಯೇ ಹೋಗುತ್ತದೆ. ನಾಲ್ಕನೇ ಪುಟಕ್ಕೆ ಬರುವಷ್ಟರಲ್ಲಿ ಮೊದಲನೆಯದು ಮರೆತು ಹೋಗಿರುತ್ತದೆ. ಅಂಥ ಪಟ್ಟಿಯನ್ನು ತಲೆಯಲ್ಲಿಟ್ಟುಕೊಳ್ಳುವುದು ಯಾರಿಗಾದರೂ ಕಷ್ಟವೇ. ಒಂದು ಸಾಲಿನಲ್ಲಿ ನಾಯಿ-ಬೆಕ್ಕಿನ ಮಳೆ, ಮುಂದಿನ ಸಾಲಿನಲ್ಲಿ ಚೀಲದಿಂದ ಹೊರಬಂದ ಬೆಕ್ಕು, ಅದರ ಕೆಳಗೆ ಕೇಕಿನ ತುಂಡು. ಒಂದಕ್ಕೂ ಇನ್ನೊಂದಕ್ಕೂ ನಂಟಿಲ್ಲ. ಸಾಲದ್ದಕ್ಕೆ, ಅವುಗಳಲ್ಲಿ ಕೆಲವು ಪಟ್ಟಿಯಲ್ಲಿ ಸಿಗುವಷ್ಟು ಮಾತಿನಲ್ಲಿ ಸಿಗುವುದಿಲ್ಲ.

ದಿನನಿತ್ಯದ ಇಂಗ್ಲಿಷನ್ನು ಕಿವಿಗೊಟ್ಟು ಕೇಳಿ. ಕೆಲಸವೆಲ್ಲ ಮಾಡುತ್ತಿರುವುದು ಕೆಲವು ಪುಟ್ಟ ಕ್ರಿಯಾಪದಗಳು: ಟೇಕ್, ಗೆಟ್, ಪುಟ್, ರನ್, ಕೀಪ್, ಬ್ರೇಕ್, ಸೆಟ್. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಆವೃತ್ತಿಯಲ್ಲಿ 'ಸೆಟ್' ಎಂಬ ಕ್ರಿಯಾಪದವೊಂದಕ್ಕೇ ಸುಮಾರು 430 ಅರ್ಥಗಳಿದ್ದವು. ಆಮೇಲಿನ ಪರಿಷ್ಕರಣೆಯಲ್ಲಿ 'ರನ್' 645ಕ್ಕೆ ಏರಿ ಅದನ್ನು ಹಿಂದೆ ಹಾಕಿತು. ಕೇಳಿ ಗಾಬರಿಯಾಗಬೇಡಿ. ಕನ್ನಡವೂ ಇದನ್ನೇ ಮಾಡುತ್ತದೆ. ನಾವು ಏಟು ತಿನ್ನುತ್ತೇವೆ, ಬೈಗುಳ ತಿನ್ನುತ್ತೇವೆ, ಪಕ್ಕದಲ್ಲಿ ಕೂತವರ ತಲೆ ತಿನ್ನುತ್ತೇವೆ. ಲಂಚ ತಿನ್ನುವವರೂ ಇದ್ದಾರೆ. ಇದ್ಯಾವುದನ್ನೂ ನಮಗೆ ಯಾರೂ ಪಟ್ಟಿ ಮಾಡಿ ಕಲಿಸಲಿಲ್ಲ ಅಲ್ವಾ? 'ತಿನ್ನು' ಗೊತ್ತಿತ್ತು, ಉಳಿದದ್ದು ಅದರ ಬೆನ್ನು ಹತ್ತಿ ಬಂತು.

ಇಂಗ್ಲಿಷಿನಲ್ಲೂ ಹೀಗೆ ಮಾಡಬಹುದು. ಒಂದೇ ಕ್ರಿಯಾಪದ ಹಿಡಿಯಿರಿ, ಮೂರು-ನಾಲ್ಕು ವಾರ ಅದರ ಜೊತೆಗೇ ಇರಿ. ಇಲ್ಲಿ ಉದಾಹರಣೆಗೆ 'ಟೇಕ್' ತೆಗೆದುಕೊಂಡಿದ್ದೇನೆ.

ಹೆಜ್ಜೆ 1: ಮೊದಲು ಬೇರು, ಆಮೇಲೆ ಕೊಂಬೆ

ರೂಪಗಳು ಬಾಯಿಗೆ ಬರಲಿ: ಟೇಕ್, ಟುಕ್, ಟೇಕನ್. 'ಐ ಹ್ಯಾವ್ ಟುಕ್' ಅಂತ ಬಾಯಿಗೆ ಬಂದರೆ ಅಲ್ಲೇ ತಡೆಯಿರಿ, ಅಲ್ಲಿ 'ಟೇಕನ್' ಬೇಕು. ನುಡಿಗಟ್ಟಿನ ಒಳಗೆ ಕೂತರೂ ಕ್ರಿಯಾಪದ ಕಾಲಕ್ಕೆ ತಕ್ಕಂತೆ ಬದಲಾಗಲೇಬೇಕು.

'ಟೇಕ್' ಮೂಲತಃ ಇಂಗ್ಲಿಷ್ ಪದವೇ ಅಲ್ಲ. ಸ್ಕ್ಯಾಂಡಿನೇವಿಯಾದಿಂದ ಬಂದ ವೈಕಿಂಗರ ಭಾಷೆಯ 'ಟಾಕಾ' ಇದು. ಹಳೆಯ ಇಂಗ್ಲಿಷಿನಲ್ಲಿ ಈ ಕೆಲಸಕ್ಕೆ 'ನಿಮನ್' ಎಂಬ ಪದವಿತ್ತು. ಹೊಸಬ ಬಂದು ಅದನ್ನು ಮನೆಯಿಂದಲೇ ಹೊರಹಾಕಿದ. ಜೋಮು ಹಿಡಿದದ್ದಕ್ಕೆ 'ನಂಬ್' ಅನ್ನುತ್ತಾರಲ್ಲ, ಅದು ಆ ಹಳೆಯ ಪದದ ಉಳಿಕೆ. ಅಲ್ಲೂ ಏನೋ ಒಂದು ಅಂಗವನ್ನು 'ಹಿಡಿದಿದೆ'.

ಈ ಹಿಡಿಯುವುದೇ 'ಟೇಕ್'ನ ಬೇರು. ಕೈಚಾಚಿ ಹಿಡಿದು ತನ್ನ ಕಡೆಗೆ ಮಾಡಿಕೊಳ್ಳುವುದು. ಇದರಿಂದ ನಾಲ್ಕು ಕೊಂಬೆ ಹೊರಟಿವೆ. ಒಂದು, ಹೊಣೆಯನ್ನೋ ಅಧಿಕಾರವನ್ನೋ ಕೈಗೆ ತೆಗೆದುಕೊಳ್ಳುವುದು: 'ಟೇಕ್ ಚಾರ್ಜ್', 'ಟೇಕ್ ಓವರ್', 'ಟೇಕ್ ದ ಬ್ಲೇಮ್'. ಎರಡು, ಇದ್ದ ಜಾಗದಿಂದ ತೆಗೆಯುವುದು: 'ಟೇಕ್ ಆಫ್', 'ಟೇಕ್ ಡೌನ್', 'ಟೇಕ್ ಅವೇ'. ಮೂರು, ಮನಸ್ಸಿಗೆ ತೆಗೆದುಕೊಳ್ಳುವುದು: 'ಟೇಕ್ ಇಟ್ ಸೀರಿಯಸ್‌ಲಿ', 'ಟೇಕ್ ಫಾರ್ ಗ್ರಾಂಟೆಡ್'. ನಾಲ್ಕು, ಬೇಕಾಗುವುದು: 'ಇಟ್ ಟೇಕ್ಸ್ ಟೂ ಅವರ್ಸ್', 'ಇಟ್ ಟೇಕ್ಸ್ ಕರೇಜ್'. ಈ ನಾಲ್ಕನೆಯದು ವಿಚಿತ್ರ ಅನ್ನಿಸಿದರೆ ಕನ್ನಡದ 'ಎರಡು ಗಂಟೆ ಹಿಡಿಯುತ್ತದೆ' ನೆನಪಿಸಿಕೊಳ್ಳಿ. ಅಲ್ಲೂ ಗಂಟೆಯನ್ನು ಯಾರೂ ಕೈಯಲ್ಲಿ ಹಿಡಿದಿರುವುದಿಲ್ಲ.

ಹೊಸ ನುಡಿಗಟ್ಟು ಸಿಕ್ಕಾಗಲೆಲ್ಲ ಕೇಳಿಕೊಳ್ಳಿ: ಇದು ಯಾವ ಕೊಂಬೆಯದ್ದು? ಎಲ್ಲವೂ ಸರಿಯಾಗಿ ಕೂರುವುದಿಲ್ಲ. ಕೂರದಿದ್ದರೂ ಚಿಂತೆಯಿಲ್ಲ. ಜಾಗ ಹುಡುಕುವಾಗ ಆ ಮಾತಿನ ಜೊತೆ ಒಂದರ್ಧ ನಿಮಿಷ ಕಳೆದಿರುತ್ತೀರಿ, ನೆನಪು ಉಳಿಯುವುದು ಅಲ್ಲೇ.

ಹೆಜ್ಜೆ 2: ಜೊತೆಗಾರ ಪದವನ್ನು ಬಿಡಿಸಬೇಡಿ

ಕೆಲವು ನುಡಿಗಟ್ಟುಗಳಲ್ಲಿ 'ಟೇಕ್' ಪಕ್ಕ ಒಂದು ನಾಮಪದ ಅಂಟಿಕೊಂಡಿರುತ್ತದೆ. ಇಲ್ಲಿ ಕಾಟ ಕೊಡುವುದು 'ಎ' ಮತ್ತು 'ದ'. 'ಟೇಕ್ ಎ ಬ್ರೇಕ್', 'ಟೇಕ್ ಎ ಸೀಟ್', 'ಟೇಕ್ ಎ ಚಾನ್ಸ್', ಇವುಗಳಿಗೆ 'ಎ' ಬೇಕೇ ಬೇಕು. 'ಟೇಕ್ ದ ಲೀಡ್', 'ಟೇಕ್ ದ ಟ್ರಬಲ್', ಇಲ್ಲಿ 'ದ'. 'ಟೇಕ್ ಕೇರ್', 'ಟೇಕ್ ಪಾರ್ಟ್', 'ಟೇಕ್ ಟರ್ನ್ಸ್', 'ಟೇಕ್ ಸೈಡ್ಸ್', 'ಟೇಕ್ ಅಡ್ವಾಂಟೇಜ್', ಇಲ್ಲಿ ಎರಡೂ ಬೇಡ. ಇದಕ್ಕೆ ನಿಯಮ ಹುಡುಕುತ್ತ ಕೂರಬೇಡಿ. ಮೂರು ಪದವನ್ನು ಒಂದೇ ಉಸಿರಿನಲ್ಲಿ, ಒಂದೇ ಪದದಂತೆ ಕಲಿಯಿರಿ.

ಒಂದು ಜೋಡಿಯನ್ನು ಮಾತ್ರ ಎಚ್ಚರದಿಂದ ನೋಡಿ. 'ಟೇಕ್ ಪ್ಲೇಸ್' ಅಂದರೆ ನಡೆಯುವುದು. 'ಟೇಕ್ ದ ಪ್ಲೇಸ್ ಆಫ್' ಅಂದರೆ ಇನ್ನೊಂದರ ಜಾಗಕ್ಕೆ ಬರುವುದು. ಇನ್ನು 'ದ ಮೀಟಿಂಗ್ ವಾಸ್ ಟೇಕನ್ ಪ್ಲೇಸ್' ಎಂಬ ವಾಕ್ಯ ಎಷ್ಟೋ ವರದಿಗಳಲ್ಲಿ ಕಾಣುತ್ತದೆ. ಅದು ತಪ್ಪು. ಸಭೆ ತಾನೇ ನಡೆಯುತ್ತದೆ, 'ದ ಮೀಟಿಂಗ್ ಟುಕ್ ಪ್ಲೇಸ್' ಅಂದರೆ ಮುಗಿಯಿತು.

ಹೆಜ್ಜೆ 3: ಬಾಲಗಳನ್ನು ಪಳಗಿಸಿ

ನಿಜವಾದ ಸಂಪತ್ತು ಇಲ್ಲಿದೆ. ಆಫ್, ಆನ್, ಅಪ್, ಇನ್, ಔಟ್, ಓವರ್, ಟು, ಆಫ್ಟರ್, ಇಂಥ ಪುಟ್ಟ ಪದಗಳು 'ಟೇಕ್' ಹಿಂದೆ ಬಂದು ಅರ್ಥವನ್ನೇ ತಿರುಗಿಸುತ್ತವೆ. ಇವನ್ನು ಬಾಲ ಅಂತ ಕರೆಯೋಣ. ವ್ಯಾಕರಣದ ಹೆಸರು ಬೇರೆ ಇದೆ, ಮಾತಾಡುವವರಿಗೆ ಅದು ಬೇಕಾಗಿಲ್ಲ.

'ಆಫ್' ಎಂದರೆ ಬೇರ್ಪಡುವುದು. ಇದೊಂದನ್ನು ಹಿಡಿದುಕೊಂಡರೆ 'ಟೇಕ್ ಆಫ್' ಎಷ್ಟು ವೇಷ ಹಾಕಿದರೂ ಗುರುತು ಸಿಗುತ್ತದೆ. ಬೂಟು ಕಾಲಿನಿಂದ ಬೇರ್ಪಡುತ್ತದೆ, 'ಟೇಕ್ ಆಫ್ ಯುವರ್ ಶೂಸ್'. ವಿಮಾನ ನೆಲದಿಂದ ಬೇರ್ಪಡುತ್ತದೆ. ಮಾತಿನ ನಡುವೆ ಒಬ್ಬ ಎದ್ದು ಸರಕ್ಕನೆ ಹೊರಟರೆ 'ಹಿ ಟುಕ್ ಆಫ್'. ಶುಕ್ರವಾರ ಕೆಲಸದಿಂದ ಬೇರ್ಪಟ್ಟರೆ 'ಐ ಆಮ್ ಟೇಕಿಂಗ್ ಫ್ರೈಡೇ ಆಫ್', ಅಂದರೆ ರಜೆ. ಹೊಸ ವ್ಯಾಪಾರ ಒಂದಷ್ಟು ದಿನ ನೆಲದಲ್ಲೇ ಓಡಾಡಿ ಆಮೇಲೆ ಏರಿದರೆ 'ದ ಬಿಸಿನೆಸ್ ಟುಕ್ ಆಫ್'. ಬ್ರಿಟಿಷರು ಇನ್ನೊಂದು ಅರ್ಥ ಸೇರಿಸುತ್ತಾರೆ, ಒಬ್ಬರ ಮಾತು-ನಡೆಯನ್ನು ಅಣಕಿಸಿ ತೋರಿಸುವುದು. ಇದು ಬೇರಿಗೆ ಹೊಂದುವುದಿಲ್ಲ, ಸುಮ್ನೆ ನೆನಪಿಟ್ಟುಕೊಳ್ಳಿ.

'ಟೇಕ್ ಇನ್' ಇನ್ನೂ ತಮಾಷೆ. ನೆಲೆಯಿಲ್ಲದವರನ್ನು ಮನೆಯೊಳಗೆ ಕರೆದುಕೊಂಡು ಆಸರೆ ಕೊಟ್ಟರೆ ಟೇಕ್ ಇನ್. ಸಡಿಲವಾದ ಬಟ್ಟೆಯನ್ನು ಒಳಗೆ ಹೊಲಿದು ಬಿಗಿ ಮಾಡಿದರೂ ಟೇಕ್ ಇನ್. ಕೇಳಿದ ವಿಷಯ ತಲೆಯೊಳಗೆ ಇಳಿದರೆ ಅದೂ ಟೇಕ್ ಇನ್. 'ಐ ಕುಡಂಟ್ ಟೇಕ್ ಇಟ್ ಆಲ್ ಇನ್' ಅಂದರೆ ಎಲ್ಲ ಒಟ್ಟಿಗೆ ತಲೆಗೆ ಹೋಗಲಿಲ್ಲ ಅಂತ. ಆದರೆ 'ಐ ವಾಸ್ ಟೇಕನ್ ಇನ್' ಅಂದರೆ ಮೋಸ ಹೋದೆ. ಯಾರೋ ತಮ್ಮ ಬಲೆಯೊಳಗೆ ನನ್ನನ್ನು ತೆಗೆದುಕೊಂಡರು ಅಂತ ಊಹಿಸಿಕೊಂಡರೆ ಇದೂ ಕೂರುತ್ತದೆ.

'ಟೇಕ್ ಆನ್' ಎಂದರೆ ಹೆಗಲಿಗೆ ಹಾಕಿಕೊಳ್ಳುವುದು. ಹೊಸ ಕೆಲಸ, ಹೊಸ ನೌಕರ, ಎದುರಾಳಿ, ಮೂರಕ್ಕೂ ಇದೇ ಮಾತು. 'ಟೇಕ್ ಅಪ್' ಎಂದರೆ ಹೊಸದಾಗಿ ಶುರು ಮಾಡುವುದು, ಮುಖ್ಯವಾಗಿ ಹವ್ಯಾಸ: 'ಶಿ ಟುಕ್ ಅಪ್ ಪೇಂಟಿಂಗ್'. ಜಾಗವನ್ನೋ ಸಮಯವನ್ನೋ ತಿನ್ನುವುದಕ್ಕೂ 'ಟೇಕ್ ಅಪ್' ಬರುತ್ತದೆ. 'ಟೇಕ್ ಓವರ್' ಎಂದರೆ ಇನ್ನೊಬ್ಬರ ಕೈಯಿಂದ ಜವಾಬ್ದಾರಿಯನ್ನೋ ಕಂಪನಿಯನ್ನೋ ವಹಿಸಿಕೊಳ್ಳುವುದು.

'ಟೇಕ್ ಆಫ್ಟರ್' ಅಂದರೆ ಹೆತ್ತವರನ್ನು, ಅಜ್ಜ-ಅಜ್ಜಿಯನ್ನು ಹೋಲುವುದು. ಗೆಳೆಯನನ್ನು ಹೋಲುವುದಕ್ಕೆ ಇದನ್ನು ಬಳಸುವುದಿಲ್ಲ, ರಕ್ತಸಂಬಂಧ ಇರಬೇಕು. 'ಟೇಕ್ ಟು' ಅಂದರೆ ಯಾರೋ ಅಥವಾ ಏನೋ ಬೇಗ ಹಿಡಿಸುವುದು. ನೋಡಿ, ಇಲ್ಲೂ ಕನ್ನಡದಲ್ಲಿ 'ಹಿಡಿ'ಯೇ ಬಂತು.

ನನಗೆ ಇವುಗಳಲ್ಲಿ ಅತಿ ಉಪಯೋಗಿ ಅನ್ನಿಸುವುದು 'ಟೇಕ್ ಇಟ್ ಔಟ್ ಆನ್'. ಒಬ್ಬರ ಮೇಲಿನ ಸಿಟ್ಟನ್ನು ಇನ್ನೊಬ್ಬರ ಮೇಲೆ ತೀರಿಸಿಕೊಳ್ಳುವುದು. ದಿನವೂ ನಡೆಯುವ ಸಂಗತಿ ಇದು. ಆದರೆ ಪಾಠದ ಇಂಗ್ಲಿಷಿನಲ್ಲಿ ಇದನ್ನು ಹೇಳಲು ಹೋದರೆ ಎರಡು ಸಾಲು ಬೇಕಾಗುತ್ತದೆ.

ಹೆಜ್ಜೆ 4: 'ಇಟ್' ಎಲ್ಲಿ ಕೂರಬೇಕು?

'ಟೇಕ್ ಆಫ್ ಯುವರ್ ಶೂಸ್' ಸರಿ. 'ಟೇಕ್ ಯುವರ್ ಶೂಸ್ ಆಫ್' ಕೂಡ ಸರಿ. ಆದರೆ ಬೂಟಿನ ಬದಲು 'ದೆಮ್' ಬಂದರೆ ಒಂದೇ ದಾರಿ: 'ಟೇಕ್ ದೆಮ್ ಆಫ್'. 'ಟೇಕ್ ಆಫ್ ದೆಮ್' ಅನ್ನುವಂತಿಲ್ಲ. ಇಟ್, ದೆಮ್, ಹಿಮ್, ಹರ್, ಮಿ, ಇಂಥ ಸರ್ವನಾಮಗಳು ಬೇರೆಯಾಗಬಲ್ಲ ಜೋಡಿಯ ನಡುವೆಯೇ ಕೂರಬೇಕು.

ಎಲ್ಲ ಜೋಡಿಗಳೂ ಬೇರೆಯಾಗುವುದಿಲ್ಲ. 'ಶಿ ಟೇಕ್ಸ್ ಆಫ್ಟರ್ ಹರ್ ಮದರ್' ಅನ್ನುವಲ್ಲಿ 'ಹರ್ ಮದರ್' ನಡುವೆ ನುಗ್ಗುವಂತಿಲ್ಲ. 'ಟೇಕ್ ಟು' ಕೂಡ ಹಾಗೇ. ಯಾವುದು ಬೇರೆಯಾಗುತ್ತದೆ, ಯಾವುದು ಇಲ್ಲ ಅಂತ ಪಟ್ಟಿ ಬೇಡ. ಕೇಂಬ್ರಿಡ್ಜ್, ಆಕ್ಸ್‌ಫರ್ಡ್, ಲಾಂಗ್‌ಮನ್, ಈ ಮೂವರೂ ಕಲಿಯುವವರಿಗಾಗಿಯೇ ಮಾಡಿದ ನಿಘಂಟುಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಅವುಗಳಲ್ಲಿ 'ಸಮ್‌ಥಿಂಗ್' ಮತ್ತು 'ಸಮ್‌ಬಡಿ' ಎಲ್ಲಿ ಕೂತಿವೆ ಅಂತ ನೋಡಿ. ಕೆಲವೆಡೆ ಇವನ್ನು ಎಸ್‌ಟಿಎಚ್, ಎಸ್‌ಬಿ ಅಂತ ಚಿಕ್ಕದಾಗಿ ಬರೆದಿರುತ್ತಾರೆ. 'ಟೇಕ್ ಸಮ್‌ಥಿಂಗ್ ಆಫ್' ಅಂತಿದ್ದರೆ ಬೇರೆಯಾಗುತ್ತದೆ. 'ಟೇಕ್ ಆಫ್ಟರ್ ಸಮ್‌ಬಡಿ' ಅಂತಿದ್ದರೆ ಆಗುವುದಿಲ್ಲ. ಇಷ್ಟೇ ಗುಟ್ಟು. ನಿಘಂಟು ತೆರೆಯುವವರು ಅರ್ಥ ಓದಿ ಮುಚ್ಚಿಬಿಡುತ್ತಾರೆ, ಇದನ್ನು ಗಮನಿಸುವುದಿಲ್ಲ.

ಇನ್ನೊಂದು ಮಾತು. ನುಡಿಗಟ್ಟುಗಳು ಅಲ್ಲಿ ಮೊದಲಿಗೆ ಸಿಗುವುದಿಲ್ಲ. ಉದ್ದನೆಯ ಅರ್ಥಗಳ ಸಾಲು ದಾಟಿ ಕೆಳಗೆ ಹೋಗಬೇಕು.

ಹೆಜ್ಜೆ 5: ನಮ್ಮ 'ತಗೋ' ಎಲ್ಲಿ ಕೈಕೊಡುತ್ತದೆ

'ತಗೋ' ಮತ್ತು 'ಟೇಕ್' ಎಷ್ಟೋ ಕಡೆ ಕೈಹಿಡಿದು ಹೋಗುತ್ತವೆ. ಆಡಿದ ಮಾತನ್ನು ವಾಪಸ್ ತಗೊಳ್ಳುವುದಕ್ಕೆ 'ಐ ಟೇಕ್ ಇಟ್ ಬ್ಯಾಕ್'. ಅಳತೆ ತಗೊಳ್ಳುವುದು, ಫೋಟೋ ತೆಗೆಯುವುದು, ಔಷಧಿ ತಗೊಳ್ಳುವುದು, ಎಲ್ಲಕ್ಕೂ 'ಟೇಕ್' ಸಾಕು. ಈ ಸಲುಗೆಯೇ ಕೆಲವು ಕಡೆ ತೊಂದರೆ ತರುತ್ತದೆ.

'ಟೆನ್ಷನ್ ತಗೋಬೇಡ' ನಮಗೆ ಸಹಜ. 'ಡೋಂಟ್ ಟೇಕ್ ಟೆನ್ಷನ್' ಮಾತ್ರ ಹೊರಗಿನವರ ಕಿವಿಗೆ ವಿಚಿತ್ರ. 'ಡೋಂಟ್ ವರಿ' ಅನ್ನಿ, ಅಥವಾ 'ಟೇಕ್ ಇಟ್ ಈಸಿ' ಅನ್ನಿ. 'ಟೇಕ್ ಡಿಸಿಷನ್' ಅರ್ಧಂಬರ್ಧ, 'ಟೇಕ್ ಎ ಡಿಸಿಷನ್' ಬ್ರಿಟಿಷರಲ್ಲಿ ನಡೆಯುತ್ತದೆ, 'ಮೇಕ್ ಎ ಡಿಸಿಷನ್' ಎಲ್ಲ ಕಡೆಯೂ ನಡೆಯುತ್ತದೆ. ಮೇಷ್ಟ್ರು 'ಐ ಟೇಕ್ ಕ್ಲಾಸಸ್' ಅಂದರೆ ನಮಗೆ ಪಾಠ ಮಾಡುತ್ತಾರೆ ಅಂತ ಅರ್ಥವಾಗುತ್ತದೆ. ಅಮೆರಿಕದವರಿಗೆ ಅವರು ವಿದ್ಯಾರ್ಥಿಯಾಗಿ ಎಲ್ಲೋ ಕಲಿಯಲು ಹೋಗುತ್ತಿದ್ದಾರೆ ಅಂತ ಕೇಳಿಸುತ್ತದೆ. ಪರೀಕ್ಷೆಯೂ ಹೀಗೇ. 'ಟೇಕ್ ಎ ಟೆಸ್ಟ್' ಅಂದರೆ ಪರೀಕ್ಷೆ ಬರೆಯುವವನು, ನಡೆಸುವವನಲ್ಲ.

'ಬ್ರಿಂಗ್' ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಮಾತಾಡುವವರ ಅಥವಾ ಕೇಳುವವರ ಕಡೆಗೆ ತರುವುದು ಬ್ರಿಂಗ್, ಬೇರೆ ಕಡೆಗೆ ಒಯ್ಯುವುದು ಟೇಕ್.

ಹೆಜ್ಜೆ 6: ಇಡೀ ಚಿತ್ರವಾಗಿ ಬರುವವು

'ಟೇಕ್ ದ ಬುಲ್ ಬೈ ದ ಹಾರ್ನ್ಸ್', ಗೂಳಿಯ ಕೊಂಬನ್ನೇ ಹಿಡಿಯುವುದು. ಕಷ್ಟದ ಕೆಲಸಕ್ಕೆ ನೇರವಾಗಿ ಇಳಿಯುವುದು ಅಂತ ಅರ್ಥ. ಇಲ್ಲಿ ಚಿತ್ರದ ಪದಗಳನ್ನು ಬದಲಿಸುವಂತಿಲ್ಲ. ಗೂಳಿ ಜಾಗಕ್ಕೆ ಹಸು ಬಂದರೆ ಜನ ನಗುತ್ತಾರೆ.

'ಟೇಕ್ ಇಟ್ ವಿತ್ ಎ ಪಿಂಚ್ ಆಫ್ ಸಾಲ್ಟ್' ಅಂದರೆ ಕೇಳಿದ್ದನ್ನೆಲ್ಲ ನಂಬಬೇಡಿ, ಸ್ವಲ್ಪ ಅನುಮಾನ ಇಟ್ಟುಕೊಳ್ಳಿ ಅಂತ. ಅಮೆರಿಕದವರು 'ಪಿಂಚ್' ಬದಲು 'ಗ್ರೇನ್' ಅನ್ನುತ್ತಾರೆ. ಇದರ ಬೇರನ್ನು 1ನೇ ಶತಮಾನದ ರೋಮನ್ ಲೇಖಕ ಪ್ಲಿನಿಯವರೆಗೆ ಒಯ್ಯುವವರಿದ್ದಾರೆ. ವಿಷಕ್ಕೆ ಮದ್ದು ಹೇಳುವಾಗ ಆತ ಒಂದು ಹರಳು ಉಪ್ಪು ಸೇರಿಸಲು ಬರೆದಿದ್ದ. 'ಟೇಕನ್ ಅಬ್ಯಾಕ್' ಹಾಯಿಹಡಗಿನವರ ಮಾತು. ಗಾಳಿ ತಟಕ್ಕನೆ ಮುಂದಿನಿಂದ ಬೀಸಿ ಹಾಯಿಯನ್ನು ಕಂಬಕ್ಕೆ ಒತ್ತಿದರೆ ಹಡಗು ಗಕ್ಕನೆ ನಿಲ್ಲುತ್ತಿತ್ತು. ಈಗ ಅನಿರೀಕ್ಷಿತ ಮಾತು ಕೇಳಿ ದಂಗಾದವರಿಗೆ ಹೀಗನ್ನುತ್ತಾರೆ. 'ಟೇಕ್ ಎ ರೇನ್ ಚೆಕ್' ಅಮೆರಿಕದ ಬೇಸ್‌ಬಾಲ್ ಮೈದಾನದಿಂದ ಬಂದದ್ದು. ಮಳೆಯಿಂದ ಆಟ ನಿಂತರೆ ಇನ್ನೊಂದು ದಿನ ಬರಲು ಚೀಟಿ ಕೊಡುತ್ತಿದ್ದರು. ಯಾರಾದರೂ ಕರೆದಾಗ 'ಈಗ ಆಗಲ್ಲ, ಇನ್ನೊಮ್ಮೆ ಬರುತ್ತೇನೆ' ಅನ್ನಲು ಇದು ಒಳ್ಳೆಯ ಮಾತು.

ಇಂಥ ಕಥೆಗಳು ರುಚಿಯಾಗಿರುತ್ತವೆ, ಆದರೆ ಕಥೆಯಲ್ಲೇ ಮುಳುಗಬೇಡಿ. ಮಾತಿನಲ್ಲಿ ಗೂಳಿಗಿಂತ 'ಟೇಕ್ ಯುವರ್ ಟೈಮ್' ನೂರು ಪಟ್ಟು ಹೆಚ್ಚು ಬೇಕಾಗುತ್ತದೆ. ನಿಧಾನಕ್ಕೆ ಮಾಡಿ, ಅವಸರವಿಲ್ಲ ಅಂತ.

ಹೆಜ್ಜೆ 7: ಯಾರ ಹತ್ತಿರ ಏನು

ನುಡಿಗಟ್ಟಿನ ಅರ್ಥ ಗೊತ್ತಿದ್ದೂ ಎಡವುವುದು ಇಲ್ಲಿ. 'ಟೇಕ್ ಎ ಹೈಕ್' ಅನ್ನುವುದನ್ನು ಚಾರಣಕ್ಕೆ ಹೋಗಿ ಅಂತ ತಿಳಿದು ಮೇಲಧಿಕಾರಿಗೆ ಹೇಳಿಬಿಟ್ಟೀರಿ! ಅದು 'ತೊಲಗಾಚೆ' ಅಂದಂತೆ. ಚಾರಣಕ್ಕೆ 'ಗೋ ಫಾರ್ ಎ ಹೈಕ್' ಅನ್ನಿ. 'ಟೇಕ್ ಇಟ್ ಆರ್ ಲೀವ್ ಇಟ್' ಅಂದರೆ ಬೇಕಾದರೆ ತಗೋ, ಇಲ್ಲಾಂದ್ರೆ ಬಿಡು. ಚೌಕಾಸಿಯ ಕೊನೆಯಲ್ಲಿ ಸರಿ, ಶುರುವಿನಲ್ಲಿ ಒರಟು. 'ವಾಟ್ ಡು ಯೂ ಟೇಕ್ ಮಿ ಫಾರ್?' ಪ್ರಶ್ನೆಯ ರೂಪದ ಸಿಟ್ಟು: ನನ್ನನ್ನು ಏನಂದುಕೊಂಡಿದ್ದೀಯ? 'ಟೇಕ್ ದ ಮಿಕ್ಕಿ' ಬ್ರಿಟನ್ನಿನ ಗೆಳೆಯರ ನಡುವೆ ಗೇಲಿ ಮಾಡುವುದಕ್ಕೆ ಇರುವ ಮಾತು. ಕಚೇರಿಯ ಇಮೇಲ್‌ನಲ್ಲಿ ಬೇಡ.

ಅಲ್ಲಿಗೆ ಬೇಕಾದವು ಬೇರೆ ಇವೆ: 'ಟೇಕ್ ಇನ್ಟು ಅಕೌಂಟ್', 'ಟೇಕ್ ಸ್ಟೆಪ್ಸ್', 'ಟೇಕ್ ಇಶ್ಯೂ ವಿತ್'. ಮೂರನೆಯದು ಮರ್ಯಾದೆಯಿಂದ ಒಪ್ಪದಿರುವ ದಾರಿ. ನಿಘಂಟಿನಲ್ಲಿ 'ಇನ್‌ಫಾರ್ಮಲ್', 'ಫಾರ್ಮಲ್', 'ಓಲ್ಡ್-ಫ್ಯಾಶನ್ಡ್' ಎಂಬ ಸಣ್ಣ ಗುರುತುಗಳಿರುತ್ತವೆ. ಅವನ್ನು ನೋಟ್‌ಬುಕ್‌ನಲ್ಲಿ ಪಕ್ಕಕ್ಕೇ ಬರೆದುಕೊಳ್ಳಿ.

ಹೆಜ್ಜೆ 8: ಕಿವಿಗೆ ಅಭ್ಯಾಸ

ಓದಿದಂತೆ ಕೇಳಿಸುವುದಿಲ್ಲ. 'ಟೇಕ್ ಇಟ್' ವೇಗದಲ್ಲಿ 'ಟೇಕಿಟ್' ಆಗುತ್ತದೆ, 'ಟೇಕ್ ಹಿಮ್' 'ಟೇಕಿಮ್' ಆಗುತ್ತದೆ. ಒತ್ತು ಕೂಡ ಗಮನಿಸಿ. ಕ್ರಿಯೆಯಾಗಿ 'ಟೇಕ್ ಓವರ್' ಅಂದಾಗ ಒತ್ತು ಬಾಲದ ಮೇಲೆ. ಕಂಪನಿಯ 'ಟೇಕೋವರ್' ಅಂತ ನಾಮಪದವಾದಾಗ ಒತ್ತು ಮೊದಲ ಭಾಗಕ್ಕೆ ಬರುತ್ತದೆ. 'ಟೇಕ್ ಆಫ್' ಕೂಡ ಹಾಗೇ. ಆನ್‌ಲೈನ್ ನಿಘಂಟಿನಲ್ಲಿ ಸ್ಪೀಕರ್ ಗುರುತು ಒತ್ತಿ ಎರಡನ್ನೂ ಕೇಳಿ, ಗಟ್ಟಿಯಾಗಿ ಹೇಳಿ.

ಹೆಜ್ಜೆ 9: ನೋಟ್‌ಬುಕ್ ಮತ್ತು ಬಾಯಿ

ದಿನಕ್ಕೆ ಎರಡು-ಮೂರು ನುಡಿಗಟ್ಟು ಸಾಕು. ಜಾಸ್ತಿ ಬೇಡ. ನುಡಿಗಟ್ಟು ಬರೆದು ಪಕ್ಕದಲ್ಲಿ ಅರ್ಥ ಬರೆಯುವ ಬದಲು ಸನ್ನಿವೇಶ ಬರೆಯಿರಿ. 'ಟೇಕ್ ಫಾರ್ ಗ್ರಾಂಟೆಡ್' ಪಕ್ಕದಲ್ಲಿ 'ದಿನಾ ಸಹಾಯ ಮಾಡುವವರಿಗೆ ಥ್ಯಾಂಕ್ಸ್ ಕೂಡ ಹೇಳದಿರುವುದು' ಅಂತ. ಅದರ ಕೆಳಗೆ ನಿಮ್ಮ ಬದುಕಿನದ್ದೇ ಒಂದು ನಿಜವಾದ ವಾಕ್ಯ ಇಂಗ್ಲಿಷಿನಲ್ಲಿ. ಮರುದಿನ ನುಡಿಗಟ್ಟನ್ನು ಮುಚ್ಚಿ, ಸನ್ನಿವೇಶ ಮಾತ್ರ ಓದಿ, ಬಾಯಿಂದ ಹೇಳಲು ನೋಡಿ. ಮೂರು ದಿನ ಬಿಟ್ಟು ಇನ್ನೊಮ್ಮೆ, ವಾರ ಬಿಟ್ಟು ಮತ್ತೊಮ್ಮೆ. ಮರೆತದ್ದು ಮಾತ್ರ ಮುಂದಿನ ವಾರಕ್ಕೆ ಹೋಗಲಿ.

ಈಗಲೇ ಒಂದು ಕೈ ನೋಡಿ. ಉತ್ತರ ಓದುವ ಮೊದಲು ನೀವೇ ಹೇಳಿಕೊಳ್ಳಿ.

ನಿಮ್ಮ ತಮಾಷೆಯನ್ನು ಗೆಳತಿ ಮನಸ್ಸಿಗೆ ಹಚ್ಚಿಕೊಂಡಿದ್ದಾಳೆ. ಒಪ್ಪಿಕೊಂಡ ಕೆಲಸ ಕೈಮೀರಿದೆ. ಎಲ್ಲಿಯದೋ ಸಿಟ್ಟನ್ನು ತಮ್ಮನ ಮೇಲೆ ತೋರಿಸಿದಿರಿ, ಈಗ ಕ್ಷಮೆ ಕೇಳಬೇಕು. ಎದುರಿಗಿರುವವರು ಬ್ಯಾಗ್ ಹೆಗಲಿಗೇರಿಸಿದ್ದಾರೆ, ಹೊರಟಂತಿದೆ, ಖಚಿತ ಮಾಡಿಕೊಳ್ಳಬೇಕು.

ಉತ್ತರಗಳು ಇದೇ ಕ್ರಮದಲ್ಲಿ: 'ಡೋಂಟ್ ಟೇಕ್ ಇಟ್ ಪರ್ಸನಲಿ.' 'ಐ ಹ್ಯಾವ್ ಟೇಕನ್ ಆನ್ ಟೂ ಮಚ್.' 'ಸಾರಿ, ಐ ಟುಕ್ ಇಟ್ ಔಟ್ ಆನ್ ಯೂ.' 'ಐ ಟೇಕ್ ಇಟ್ ಯೂ ಆರ್ ಲೀವಿಂಗ್.' ಕೊನೆಯದರಲ್ಲಿ 'ಐ ಟೇಕ್ ಇಟ್' ಎಂದರೆ 'ಅಂದ್ಕೊಳ್ತೀನಿ' ಅನ್ನುವಷ್ಟೇ. ಇದು ಪಟ್ಟಿಗಳಲ್ಲಿ ಬರುವುದು ಕಡಿಮೆ, ಮಾತಿನಲ್ಲಿ ಆಗಾಗ ಕೇಳಿಸುತ್ತದೆ.

ಮುಂದಿನ ಕ್ರಿಯಾಪದ

'ಟೇಕ್' ಒಂದು ಮಟ್ಟಕ್ಕೆ ಬಂದ ಮೇಲೆ 'ಪುಟ್' ಹಿಡಿಯಿರಿ. ಬಾಲಗಳು ಅವೇ, ಆದರೆ ದಿಕ್ಕು ಹಲವೆಡೆ ಉಲ್ಟಾ. ಬಟ್ಟೆ ಕಳಚುವುದು ಟೇಕ್ ಆಫ್, ತೊಡುವುದು ಪುಟ್ ಆನ್. ಇನ್ನು 'ಪುಟ್ ಆಫ್' ಅಂದರೆ ಕೆಲಸ ಮುಂದಕ್ಕೆ ಹಾಕುವುದು, ಅಲ್ಲೂ ಬೇರ್ಪಡಿಸುವ ಗುಣ ಉಳಿದಿದೆ. ಆಮೇಲೆ 'ಕೀಪ್', 'ಬ್ರೇಕ್'. 'ಗೆಟ್' ಕಡೆಗೆ ಇಟ್ಟುಕೊಳ್ಳಿ. ಅದರ ಮೂಲ ಅರ್ಥವೇ ತೆಳು, ಹಿಡಿದುಕೊಳ್ಳಲು ಬೇರು ಬೇಗ ಸಿಗುವುದಿಲ್ಲ. ಅಷ್ಟರಲ್ಲಿ ಬಾಲಗಳ ಸ್ವಭಾವ ಗೊತ್ತಾಗಿರುತ್ತದೆ, ಅದರಿಂದಲೇ ಅರ್ಧ ಕೆಲಸ ಆಗಿಬಿಡುತ್ತದೆ.